ಮೋಹನಕ್ಕೂ ಭೂಪಾಳಕ್ಕೂ ನಡುವೆ: ಇಲ್ಲದ ಸೀಮೆಗೊಂದು ಸಂಗೀತ ಕಟ್ಟಿದ ಬಗೆ

ನಾಟಕ ನಡೆಯುವುದು ಒಂದು ಹೊಳೆಯ ನಡುಗಡ್ಡೆಯಲ್ಲಿ. ಅಲ್ಲಿ ದೋಣಿ ಹಾಕಿ ಬದುಕುವವರು ‘ಕಡವಿನವರು’. ಅಂಥ ಜನ ಎಲ್ಲೂ ಇಲ್ಲ. ಹಾಗಾಗಿ ಅವರ ಹಾಡು ಶ್ರೀರಂಗಪಟ್ಟಣದ ಹೊಳೆದಂಡೆಯದು ಅನ್ನಿಸಬಾರದು, ಜಾವಾದ್ದೋ ಕೈರೋದ್ದೋ ಎಂದು ಗುರುತೂ ಸಿಗಬಾರದು. ಆದರೆ ತಲೆಮಾರುಗಳಿಂದ ಹಾಡಿಕೊಂಡು ಬಂದದ್ದು ಅನ್ನಿಸಬೇಕು. ಮೈಸೂರಿನ ಹವ್ಯಾಸಿ ರಂಗದಲ್ಲಿ ಸಂಗೀತದ ಕೆಲಸ ಮಾಡುವ ನಮ್ಮ ಪಾಲಿಗೆ ಬಂದ ಕೆಲಸ ಇದು.

ಇಂಥದ್ದಕ್ಕೆ ಕೈಹಾಕುವವರು ಸಾಮಾನ್ಯವಾಗಿ ಸ್ವರಗಳ ಸಂಖ್ಯೆ ಹೆಚ್ಚಿಸುವುದರಿಂದ ಶುರುಮಾಡುತ್ತಾರೆ. ಮೈಸೂರಿನಲ್ಲಿ ಅದು ನಡೆಯುವುದಿಲ್ಲ. ಇಲ್ಲಿ ಸಭೆಯ ಅರ್ಧ ಜನಕ್ಕೆ ರಾಗ ಗುರುತಿಸುವ ಚಟ. 72 ಮೇಳಕರ್ತಗಳು (ಏಳೂ ಸ್ವರದ ಮೂಲ ರಾಗಗಳು), ಅವುಗಳಿಂದ ಹುಟ್ಟಿದ ಜನ್ಯಗಳು ಎಷ್ಟು ಒತ್ತಾಗಿವೆಯೆಂದರೆ ಯಾವ ಐದು ಸ್ವರ ನುಡಿಸಿದರೂ ಹಿಂದಿನ ಸಾಲಿನಿಂದ ಒಂದು ಹೆಸರು ಕೇಳಿಬರುತ್ತದೆ. ಹೆಸರು ಸಿಕ್ಕಿದ ಮೇಲೆ ಕಡವಿನವರು ಸತ್ತಂತೆಯೇ. ಆದ್ದರಿಂದ ಹೊಸ ಸ್ವರ ಹುಡುಕುವುದು ಈ ಕೆಲಸದ ಸಣ್ಣ ಭಾಗ. ಕಿವಿ ಕಟ್ಟಿಕೊಳ್ಳುವ ಗೂಟಗಳನ್ನು ಒಂದೊಂದಾಗಿ ಕೀಳುವುದೇ ದೊಡ್ಡದು.

ಅಳತೆಗೆ ನಾವು ಸೆಂಟ್ ಬಳಸಿದೆವು. ಒಂದು ಸ್ಥಾಯಿಯನ್ನು 1200 ಭಾಗ ಮಾಡಿದರೆ ಒಂದು ಭಾಗ ಒಂದು ಸೆಂಟ್. ಹಾರ್ಮೋನಿಯಂನ ಪಕ್ಕಪಕ್ಕದ ಎರಡು ಮನೆಗಳ ಅಂತರ 100. ಬೇರೆ ಬೇರೆ ದೇಶಗಳ ಸ್ವರಶ್ರೇಣಿಗಳನ್ನು ಹೋಲಿಸಲೆಂದೇ ಅಲೆಕ್ಸಾಂಡರ್ ಎಲ್ಲಿಸ್ 1885ರಲ್ಲಿ ಬಳಕೆಗೆ ತಂದ ಅಳತೆ ಇದು; ಈ ಕೆಲಸಕ್ಕೆ ಇದಕ್ಕಿಂತ ಸಲೀಸಾದದ್ದು ಇಲ್ಲ. ಮೊಬೈಲಿನ ಯಾವುದೇ ಟ್ಯೂನರ್ ಇದನ್ನು ತೋರಿಸುತ್ತದೆ. ನಮ್ಮ ಸ್ವರಗಳನ್ನು ಶುದ್ಧ ಅನುಪಾತದಲ್ಲಿ ಇಟ್ಟುಕೊಂಡರೆ ಚತುಶ್ರುತಿ ರಿಷಭ 204, ಸಾಧಾರಣ ಗಾಂಧಾರ 316, ಅಂತರ ಗಾಂಧಾರ 386, ಶುದ್ಧ ಮಧ್ಯಮ 498, ಪಂಚಮ 702. ಹಾಡುವಾಗ ಗಮಕದಲ್ಲಿ (ಸ್ವರವನ್ನು ಅಲುಗಿಸಿ, ಜಾರಿಸಿ ಹಾಡುವಲ್ಲಿ) ಯಾವ ಸ್ವರವೂ ಒಂದು ಸಂಖ್ಯೆಯ ಮೇಲೆ ಕೂರುವುದಿಲ್ಲ, ನಿಜ. ಆದರೂ ಹೋಲಿಕೆಗೆ ಒಂದು ಆಧಾರ ಬೇಕು.

ಮೊದಲು ಜಾವಾದ ಸ್ಲೆಂಡ್ರೋ ತೆಗೆದುಕೊಂಡೆವು. ಐದು ಸ್ವರ, ಹೆಚ್ಚುಕಡಿಮೆ ಸಮ ಅಂತರ. ಲೆಕ್ಕಕ್ಕೆ 0, 240, 480, 720, 960. ಜಾವಾದಲ್ಲಿ ಒಂದೊಂದು ಗ್ಯಾಮಲಾನ್ ವಾದ್ಯಗುಂಪಿನ ಶ್ರುತಿಯೂ ಸ್ವಲ್ಪ ಬೇರೆ. ಈ ಸಂಖ್ಯೆಗಳು ಬರೀ ಮಾದರಿ. ಕಾಗದದ ಮೇಲೆ ಇದು ನಮ್ಮ ಯಾವ ರಾಗವೂ ಅಲ್ಲ. ನುಡಿಸಿದ ಕೂಡಲೇ ಮೃದಂಗದವರು, “ಏನ್ರೀ, ಶುರುವಲ್ಲೇ ಮಂಗಳ ಹಾಡಿಬಿಟ್ರಾ?” ಅಂದರು. ಮಧ್ಯಮಾವತಿ! ಲೆಕ್ಕ ಹಾಕಿದರೆ ಕಾರಣ ಕಾಣುತ್ತದೆ. ಮಧ್ಯಮಾವತಿಯ ರಿ 204, ಮ 498, ಪ 702, ನಿ 996. ಸ್ಲೆಂಡ್ರೋ ಯಾವ ಸ್ವರದಲ್ಲೂ ಅದರಿಂದ 36 ಸೆಂಟ್‌ಗಿಂತ ದೂರ ಹೋಗುವುದಿಲ್ಲ. ಅಷ್ಟು ದೂರವನ್ನು ಇಲ್ಲಿನ ಕಿವಿ ಶ್ರುತಿದೋಷ ಎಂದು ಮನ್ನಿಸಿ ಒಳಗೆ ಕರೆದುಕೊಳ್ಳುತ್ತದೆ. ಕಛೇರಿಯ ಕೊನೆಗೆ ಹಾಡುವ ರಾಗ ನಾಟಕದ ಮೊದಲ ದೃಶ್ಯಕ್ಕೆ ಬಂದರೆ ಜನ ಚಪ್ಪಲಿ ಹುಡುಕಲು ಏಳುತ್ತಾರೆ. ಇನ್ನೊಂದು ತೊಡಕು ತಂಬೂರಿಯದು. ಷಡ್ಜ 130.8 ಹರ್ಟ್ಸ್ ಇದ್ದರೆ ತಂಬೂರಿಯ ಪಂಚಮ 196.2, ಸ್ಲೆಂಡ್ರೋದ 720 ಸುಮಾರು 198.3. ಸೆಕೆಂಡಿಗೆ ಎರಡು ಸಲ ನಾದ ತೂಗಾಡುತ್ತದೆ. ಹಾಡುವವರು ಅದನ್ನು ತಡೆಯಲಾರದೆ 702ಕ್ಕೆ ಇಳಿಯುತ್ತಾರೆ, ಆಮೇಲೆ ಉಳಿದ ಸ್ವರಗಳೂ ಮಧ್ಯಮಾವತಿಗೆ ಜಾರುತ್ತವೆ.

ಎರಡನೆಯದು ಅರಬ್ ಸಂಗೀತದ ರಾಸ್ತ್ ಎಂಬ ಶ್ರೇಣಿ: 0, 200, 350, 500, 700, 900, 1050. ಕೈರೋದಲ್ಲಿ 1932ರಲ್ಲಿ ನಡೆದ ಸಂಗೀತ ಸಮ್ಮೇಳನದಲ್ಲಿ ಇಂಥ ಸ್ವರಗಳನ್ನು 24 ಸಮ ಭಾಗದ ಜಾಲಕ್ಕೆ ಹೊಂದಿಸುವ ಬಗ್ಗೆ ಜೋರು ಚರ್ಚೆಯೇ ಆಯಿತು. ಹಾಡುವವರು ನಿಜವಾಗಿ 350ರ ಆಚೀಚೆ ಊರಿಗೊಂದು ಜಾಗದಲ್ಲಿ ನಿಲ್ಲುತ್ತಾರೆ. ನಮಗೆ ಬೇಕಿದ್ದ ಸ್ವರ ಆ 350. ಸಾಧಾರಣವೂ ಅಲ್ಲ, ಅಂತರವೂ ಅಲ್ಲ, ಸರಿಯಾಗಿ ನಡುವೆ. ಆದರೆ ಏಳೂ ಸ್ವರ ಇಟ್ಟುಕೊಂಡು ಹಾಡಿಸಿದರೆ ಅದು ಅಪಸ್ವರದ ಶಂಕರಾಭರಣವಾಗಿಯೇ ಕೇಳುತ್ತದೆ. 200 ಮತ್ತು 500 ಎರಡೂ ಪಕ್ಕದಲ್ಲಿದ್ದರೆ ಗಂಟಲು ಅಭ್ಯಾಸಬಲದಿಂದ 386ಕ್ಕೆ ಏರುತ್ತದೆ. ಮಂಡ್ಯ ಕಡೆಯ ಹಳ್ಳಿಗಳಲ್ಲಿ ಹಾರ್ಮೋನಿಯಂ ಮೇಷ್ಟ್ರ ಹತ್ತಿರ ಪೌರಾಣಿಕ ನಾಟಕದ ಮಟ್ಟು ಕಲಿತವರು 400ಕ್ಕೇ ಹೋಗಿ ನಿಲ್ಲುತ್ತಾರೆ, ಅವರ ಕಿವಿಯಲ್ಲಿರುವುದು ಪೆಟ್ಟಿಗೆಯ ಗಾಂಧಾರ.

ಹಾಗಾಗಿ ರಿಷಭ, ಧೈವತ ಎರಡನ್ನೂ ಕಿತ್ತೆವು. ಉಳಿದದ್ದು 0, 350, 500, 700, 1050. ಸ್ಲೆಂಡ್ರೋದಿಂದ ಐದೇ ಸ್ವರದ ಅಗಲ, ರಾಸ್ತ್‌ನಿಂದ ನಡುವಣ ಗಾಂಧಾರ, ನಿಷಾದ. ಅಂತರಗಳು 350, 150, 200, 350, 150. ಕೆಳಗಿನ ತುಂಡು ಮೇಲೆ ಹಾಗೇ ಮರುಕಳಿಸುತ್ತದೆ. ಇಲ್ಲಿಂದ ಕೆಲಸ ರುಚಿಯಾಗತೊಡಗಿತು. ಏರುವಾಗ ಕೇಳಿದವರು ಗಂಭೀರನಾಟ ಅಂದರು, ಉತ್ಸವದಲ್ಲಿ ನಾಗಸ್ವರದವರು ನುಡಿಸುವ ಮಲ್ಲಾರಿ ನೆನಪಿಗೆ ಬಂತು ಅಂದರು. ಇಳಿಯುವಾಗ ಶುದ್ಧ ಧನ್ಯಾಸಿ ಅಂದರು. ಒಂದೇ ಐದು ಸ್ವರಕ್ಕೆ ಎರಡು ಹೆಸರು ಬಂದರೆ ಗೂಟ ಸಡಿಲವಾಗಿದೆ ಎಂದರ್ಥ. ಪೂರ್ತಿ ಕಿತ್ತಿಲ್ಲ, ಯಾಕೆಂದರೆ ಷಡ್ಜ ಇನ್ನೂ ಅಲ್ಲೇ ಮೊರೆಯುತ್ತಿದೆ.

ಅದಕ್ಕೆ ಅರಬ್ ಸಂಗೀತದಲ್ಲೇ ಉಪಾಯ ಸಿಕ್ಕಿತು. ಸಿಕಾಹ್ ಎಂಬ ಮಕಾಮ್ (ಅವರ ರಾಗ ಅನ್ನಿ) ಮುಗಿಯುವುದು ಈ ನಡುವಣ ಗಾಂಧಾರದ ಮೇಲೆ; ಅಲ್ಲಿ ಅದೇ ಮನೆ. ನಾವೂ 350ನ್ನು ಮನೆ ಮಾಡಿದೆವು. ನಮ್ಮವರ ಮಾತಿನಲ್ಲಿ ಹೇಳುವುದಾದರೆ ಗ್ರಹಭೇದ: ಸ್ವರಗಳು ಅವೇ, ಷಡ್ಜದ ಜಾಗ ಮಾತ್ರ ಬೇರೆ. ಅಲ್ಲಿಂದ ಎಣಿಸಿದರೆ ಶ್ರೇಣಿ 0, 150, 350, 700, 850 ಆಗುತ್ತದೆ. ಈಗ ಇದನ್ನು ಎರಡು ರಾಗಗಳ ಪಕ್ಕ ಇಡಿ. ಭೂಪಾಳ: 112, 316, 702, 814. ಮೋಹನ: 204, 386, 702, 906. ಪಂಚಮ ಒಂದನ್ನು ಬಿಟ್ಟರೆ ಪ್ರತಿ ಸ್ವರವೂ ಹೆಚ್ಚುಕಡಿಮೆ ಎರಡರ ನಡುವೆ ಬೀಳುತ್ತದೆ. ಕೇಳುವವನಿಗೆ ಎರಡೂ ಕಡೆಯಿಂದ ಸಮನಾದ ಸೆಳೆತ, ಯಾವ ಕಡೆಗೂ ಒಪ್ಪಿಸಿಕೊಳ್ಳಲಾಗದ ಸ್ಥಿತಿ. ಮೈಸೂರಿನ ಕಿವಿಗೆ ಹೆಸರು ಸಿಗದ ಸ್ವರಶ್ರೇಣಿ ಬೇಕಿದ್ದರೆ ತೀರಾ ದೂರದ್ದನ್ನು ತರುವುದಕ್ಕಿಂತ ಹೀಗೆ ಎರಡು ಆಪ್ತ ರಾಗಗಳ ಸಂದಿಯಲ್ಲಿ ನಿಲ್ಲಿಸುವುದು ಹೆಚ್ಚು ಕೆಲಸ ಮಾಡುತ್ತದೆ. ದೂರದ್ದನ್ನು ಕಿವಿ ಅಪಸ್ವರ ಎಂದು ತಳ್ಳಿಬಿಡುತ್ತದೆ.

ಶ್ರುತಿಪೆಟ್ಟಿಗೆ ಆಫ್. ಇದು ಚರ್ಚೆಗಿಲ್ಲದ ನಿಯಮ. ಸ–ಪ–ಸ ಮೊರೆಯುತ್ತಿದ್ದರೆ ಮೇಲಿನ ಲೆಕ್ಕವೆಲ್ಲ ನೀರುಪಾಲು. ಆಧಾರವಾಗಿ ಮನೆಯ ಸ್ವರ ಒಂದನ್ನೇ, ಅದೂ ಬಿಟ್ಟು ಬಿಟ್ಟು, ಬಾರಿಸಿದೆವು.

ಹಾಡುವವರಿಗೆ ಕಲಿಸುವಾಗ ‘ಗ’ ಎಂಬ ಅಕ್ಷರವನ್ನೇ ಬಾಯಿಗೆ ತರಬಾರದು. ಸರಳೆ ವರಸೆ ಕಲಿತ ಗಂಟಲು ‘ಗ’ ಅಂದರೆ ಮಾಯಾಮಾಳವಗೌಳದ ಅಂತರ ಗಾಂಧಾರವನ್ನೇ ಹಿಡಿಯುತ್ತದೆ. ಜಾವಾದವರು ಸ್ವರಗಳನ್ನು ಅಂಕಿಗಳಲ್ಲಿ ಬರೆದುಕೊಳ್ಳುತ್ತಾರೆ. ಸ್ಲೆಂಡ್ರೋಗೆ 1, 2, 3, 5, 6. ನಾವು ದೋಣಿಯವರ ಮಾತಿನಿಂದ ಹೆಸರಿಟ್ಟೆವು: ಮನೆಯ ಸ್ವರ ದಡ, ಅದರ ಮೇಲೆ ಹುಟ್ಟು, ಸೆಲೆ, ಮಡು, ಸುಳಿ. ನಡುವಣ ಸ್ವರವನ್ನು ಕಿವಿಗೆ ಹತ್ತಿಸುವ ಅಭ್ಯಾಸ ಹೀಗೆ: ದಡದಿಂದ ಮಡುವಿಗೆ, ಅಂದರೆ 0ಯಿಂದ 700ಕ್ಕೆ ನಿಧಾನವಾಗಿ ಜಾರಿ, ಆಮೇಲೆ ಅದೇ ದೂರವನ್ನು ಎರಡು ಸಮ ಹೆಜ್ಜೆಯಲ್ಲಿ ಹತ್ತಬೇಕು. 350 ಪಂಚಮದ ಅರ್ಧ. 11/9 ಎಂಬ ಅನುಪಾತ 347 ಸೆಂಟ್, ಅದರ ಜೋಡಿ 27/22 ಸುಮಾರು 355. ಎರಡೂ ಕೂಡಿದರೆ ಸರಿಯಾಗಿ ಪಂಚಮ. ಸಮ ಹೆಜ್ಜೆ ಎಂಬ ಭಾವ ಬಂದರೆ ಸ್ವರ ತಾನಾಗಿ ಬರುತ್ತದೆ. ಟ್ಯೂನರ್ ನೋಡಿ ಹಾಡಿಸಿದರೆ ಬರುವುದಿಲ್ಲ, ಕಣ್ಣು ಆಚೆ ಹೋದೊಡನೆ ಜಾರುತ್ತದೆ. 150 ಇನ್ನೂ ಕಷ್ಟ. ಅದನ್ನು ನೇರವಾಗಿ ದಡದಿಂದ ಹತ್ತಿಸದೆ, 350ರಿಂದ ಇಳಿದು ಮುಟ್ಟುವಂತೆ ಮಟ್ಟು ಹಾಕಿದರೆ ಸುಲಭ.

ಗಮಕ? ಹುಟ್ಟು, ಸೆಲೆ, ಸುಳಿ ಈ ಮೂರೂ ಅಲುಗಬಾರದು. ಕಂಪಿತ (ಸ್ವರವನ್ನು ನಡುಗಿಸುವ ಗಮಕ) ಹಾಕಿದ ಕ್ಷಣ 350 ಸುತ್ತ 316ನ್ನೂ 386ನ್ನೂ ಸವರಿ, ಕೇಳುವವನಿಗೆ ಬೇಕಾದ ಗಾಂಧಾರವನ್ನು ಅವನ ಕೈಗೇ ಕೊಟ್ಟಂತೆ. ಮಡುವಿನ ಮೇಲೆ ಮಾತ್ರ ಅಲುಗಾಟಕ್ಕೆ ಅವಕಾಶ ಕೊಟ್ಟೆವು, ಅದಕ್ಕೂ ಕೆಳಗಿನಿಂದ ಒಂದು ಜಾರು, ಅಷ್ಟೇ. ವರ್ಷಗಟ್ಟಲೆ ಸಾಧನೆ ಮಾಡಿದವರಿಗಿಂತ ಸಂಗೀತ ಕಲಿಯದ ನಟರು ಇದನ್ನು ಬೇಗ ಹಿಡಿದರು.

ಇನ್ನು ವಾದ್ಯ. ನಾವು ಅಲ್ಯೂಮಿನಿಯಂ ಕೊಳವೆ ಆರಿಸಿದೆವು: ಹೊರವ್ಯಾಸ 19 ಮಿ.ಮೀ., ಗೋಡೆ ಒಂದೂವರೆ ಮಿ.ಮೀ. ಇದು 400 ಮಿ.ಮೀ. ಉದ್ದಕ್ಕೆ ಸುಮಾರು 700 ಹರ್ಟ್ಸ್ ಕೊಡುತ್ತದೆ. ಕೊಳವೆ ಕೊಳಲಲ್ಲ, ಇಲ್ಲಿ ಮೊಳಗುವುದು ಲೋಹ. ಆದ್ದರಿಂದ ಉದ್ದ ಅರ್ಧ ಮಾಡಿದರೆ ಒಂದು ಸ್ಥಾಯಿ ಅಲ್ಲ, ಎರಡು ಸ್ಥಾಯಿ ಏರುತ್ತದೆ. ಸೆಕೆಂಡಿನ ಕಂಪನಗಳ ಸಂಖ್ಯೆ ಉದ್ದದ ವರ್ಗಕ್ಕೆ ವಿಲೋಮ. ಹಾಗಾಗಿ ಬೇಕಾದ ಸೆಂಟನ್ನು 2400ರಿಂದ ಭಾಗಿಸಿ, 2ರ ಅಷ್ಟು ಘಾತದಿಂದ ಮೂಲ ಉದ್ದವನ್ನು ಭಾಗಿಸಬೇಕು. ಮೊದಲಿನ ಎಣಿಕೆಯ 0, 350, 500, 700, 1050, 1200ಕ್ಕೆ ಉದ್ದಗಳು 400, 361.5, 346.2, 326.8, 295.4, 282.8 ಮಿ.ಮೀ. ಮನೆಯ ಸ್ವರ ಎರಡನೆಯ ಕೊಳವೆ.

ಕತ್ತರಿಸುವಾಗ ಪ್ರತಿಯೊಂದಕ್ಕೂ 3 ಮಿ.ಮೀ. ಹೆಚ್ಚು ಬಿಟ್ಟು ಅರದಿಂದ ಉಜ್ಜಿ ಇಳಿಸಬೇಕು. ಉದ್ದದ ಕೊಳವೆಯಲ್ಲಿ 1 ಮಿ.ಮೀ. ಅಂದರೆ 8.6 ಸೆಂಟ್, ಗಿಡ್ಡದರಲ್ಲಿ 12. ಉಜ್ಜಿದ ತಕ್ಷಣ ಅಳೆಯಬೇಡಿ. ಅರದ ಬಿಸಿಗೆ ನಾದ ತಗ್ಗಿರುತ್ತದೆ, ತಣ್ಣಗಾದ ಮೇಲೆ ಏರುತ್ತದೆ. ಬಿಸಿಯಲ್ಲೇ ಸರಿಮಾಡಿದರೆ ಮಾರನೆಯ ದಿನ ಎಲ್ಲವೂ ಮೇಲಿರುತ್ತವೆ. ಹೆಚ್ಚು ಕತ್ತರಿಸಿಹೋದ ಕೊಳವೆಯನ್ನು ಎಸೆಯುವುದು ಬೇಡ, ಮೇಲಿನ ಸ್ವರಕ್ಕೆ ಬರುತ್ತದೆ. ಕೂರಿಸುವ ಜಾಗ ಎರಡೂ ತುದಿಯಿಂದ ಉದ್ದದ 22.4 ಶೇಕಡಾ: 400ಕ್ಕೆ 89.6 ಮಿ.ಮೀ., 282.8ಕ್ಕೆ 63.3. ಅಲ್ಲಿ ಲೋಹ ಅಲುಗುವುದಿಲ್ಲ. ಜಾಗ ತಪ್ಪಿ ದಾರ ಕಟ್ಟಿದರೆ ನಾದ ಕ್ಷಣದಲ್ಲಿ ಸಾಯುತ್ತದೆ.

ಕೊಳವೆಯ ಎರಡನೇ ಧ್ವನಿಯ ಬಗ್ಗೆ ಎಚ್ಚರ ಬೇಕು. ತಂತಿಯಲ್ಲಾದರೆ ಅದು ಮೂಲದ 2 ಪಟ್ಟು, ಇಲ್ಲಿ ಸುಮಾರು 2.76 ಪಟ್ಟು, ಅಂದರೆ ಒಂದು ಸ್ಥಾಯಿಯ ಮೇಲೆ ಸುಮಾರು 555 ಸೆಂಟ್. ಮೇಲಿನ ಸ್ಥಾಯಿಯ 500ಕ್ಕೆ ಅದು ಒರಸಿಕೊಂಡು ಹೋಗುತ್ತದೆ. ಉದ್ದದ ಕೊಳವೆಯ ಜೊತೆ ಆ ಸ್ವರ ಬಾರಿಸಿದರೆ ತಗಡು ಬಡಿದ ಹಾಗೆ. ಪರಿಹಾರ ಎರಡು. ಕೋಲಿನ ತುದಿಗೆ ಸೈಕಲ್ ಟ್ಯೂಬಿನ ರಬ್ಬರ್ ಸುತ್ತಿ ಮೆತ್ತಗೆ ಮಾಡುವುದು ಒಂದು. ಸರಿಯಾಗಿ ನಡುವಿನಲ್ಲೇ ಹೊಡೆಯುವುದು ಇನ್ನೊಂದು. ಎರಡನೇ ಕಂಪನಕ್ಕೆ ಕೊಳವೆಯ ನಡುವೆಯೇ ನಿಶ್ಚಲ ಬಿಂದು, ಅಲ್ಲಿ ಹೊಡೆದರೆ ಅದು ಏಳುವುದೇ ಇಲ್ಲ. ನಟರ ಕೈ ತಪ್ಪುತ್ತದೆ ಎಂದು ನಡುವಿಗೆ ಕೆಂಪು ಟೇಪ್ ಸುತ್ತಿದೆವು.

ಬಾಲಿ ದ್ವೀಪದ ವಾದ್ಯಗಳಲ್ಲಿ ಪ್ರತಿ ಸ್ವರಕ್ಕೂ ಒಂದು ಜೋಡಿ ಇರುತ್ತದೆ, ಎರಡನೆಯದು ತುಸು ಮೇಲೆ. ಎರಡೂ ಕೂಡಿದಾಗ ನಾದ ಮಿನುಗುತ್ತದೆ. ಇದನ್ನೂ ತೆಗೆದುಕೊಂಡೆವು. ಎಲ್ಲ ಸ್ವರಕ್ಕೂ ಒಂದೇ ಸೆಂಟ್ ವ್ಯತ್ಯಾಸ ಇಡಬಾರದು, ಮೇಲೆ ಹೋದಂತೆ ಮಿನುಗು ವೇಗವಾಗಿ ಕರ್ಕಶವಾಗುತ್ತದೆ. ಸೆಕೆಂಡಿಗೆ ಇಷ್ಟು ಎಂದು ಹಿಡಿಯಬೇಕು. 700 ಹರ್ಟ್ಸ್‌ನಲ್ಲಿ 6 ಮಿನುಗಿಗೆ 15 ಸೆಂಟ್ ಸಾಕು, ಅದರ ಮೇಲಿನ ಸ್ಥಾಯಿಯಲ್ಲಿ ಅಷ್ಟಕ್ಕೇ ಏಳೂವರೆ. ಉದ್ದದಲ್ಲಿ ಅದು ಕ್ರಮವಾಗಿ 1.7 ಮತ್ತು 0.6 ಮಿ.ಮೀ., ಕೊನೆಯದನ್ನು ಮರಳುಕಾಗದದಲ್ಲೇ ಉಜ್ಜಬೇಕು.

ಮಟ್ಟು ಹಾಕಿ ನೋಡಲು ಕೊಳವೆ ಅನುಕೂಲವಲ್ಲ, ಒಮ್ಮೆ ಕತ್ತರಿಸಿದರೆ ಮುಗಿಯಿತು. ಅದಕ್ಕೆ ಹಲಸಿನ ಹಲಗೆಯೊಂದಕ್ಕೆ ಒಂದೇ ತಂತಿ ಎಳೆದು, ವೀಣೆಗೆ ಮೇಳ ಕಟ್ಟುವ ರೀತಿಯಲ್ಲೇ ಕಾಡಿಗೆ ಕಲಸಿದ ಜೇನುಮೇಣದಲ್ಲಿ ಮೆಟ್ಟಿಲು ಕೂರಿಸಿದೆವು. ವೀಣೆ ಮಾಡುವ ಊರಿನಲ್ಲಿ ಇದ್ದು ಈ ಮೇಣದ ಉಪಯೋಗ ಪಡೆಯದಿದ್ದರೆ ಹೇಗೆ. ಬಿಸಿ ತಗುಲಿಸಿದರೆ ಮೆಟ್ಟಿಲು ಸರಿಯುತ್ತದೆ, ತಣ್ಣಗಾದರೆ ಕೂರುತ್ತದೆ. ಮೇರುವಿನಿಂದ ಕುದುರೆಗೆ (ತಂತಿಯನ್ನು ಎರಡು ತುದಿಯಲ್ಲಿ ಹೊರುವ ಆಸರೆಗಳು) 800 ಮಿ.ಮೀ. ಇದ್ದರೆ, ಕುದುರೆಯಿಂದ ಅಳೆದು 350ಕ್ಕೆ 653.6, 500ಕ್ಕೆ 599.3, 700ಕ್ಕೆ 533.9, 1050ಕ್ಕೆ 436.2, ತಾರಷಡ್ಜಕ್ಕೆ 400. ತಂತಿ ಒತ್ತಿದಾಗ ನಾದ ಏರುವುದರಿಂದ ಲೆಕ್ಕದ ಜಾಗದಲ್ಲಿ ಮೆಟ್ಟಿಲು ಇಟ್ಟರೆ ಸ್ವರ ಮೇಲಾಗುತ್ತದೆ. 350ರ ಹತ್ತಿರ 10 ಸೆಂಟ್ ಏರಿದ್ದರೆ ಮೇರುವಿನ ಕಡೆಗೆ ಸುಮಾರು 4 ಮಿ.ಮೀ. ಸರಿಸಬೇಕು. ಏಪ್ರಿಲ್ ಬಿಸಿಲಲ್ಲಿ ಕಾರಿನೊಳಗೆ ಬಿಟ್ಟರೆ ಮೆಟ್ಟಿಲುಗಳು ತಾವೇ ಹೊಸ ರಾಗ ಕಂಡುಹಿಡಿಯುತ್ತವೆ.

ಹಾರ್ಮೋನಿಯಂ ಬೇಕೇ ಬೇಕು ಎಂದು ನಿರ್ದೇಶಕರು ಹಟ ಹಿಡಿದರೆ ಹಳೆಯದೊಂದನ್ನು ಬಲಿಕೊಡಬೇಕಾಗುತ್ತದೆ. ರೀಡಿನ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. 50 ಸೆಂಟ್ ಇಳಿಸುವುದು ದೊಡ್ಡ ಮಾತು. ಬುಡ ತೆಳುವಾಗಿ ರೀಡು ಮುರಿಯುವ ಸಂಭವ ಹೆಚ್ಚು. ಕೆಳಗಿನ ಮನೆಯಿಂದ 50 ಏರಿಸುವುದು ಕ್ಷೇಮ.

ಕಂಪ್ಯೂಟರಿನಲ್ಲಿ ಕೇಳಿನೋಡಲು ಸ್ಕಾಲಾ ಎಂಬ ಮಾದರಿಯ ಕಡತ ಸಾಕು, ಸರ್ಜ್ ಎಕ್ಸ್‌ಟಿಯಂಥ ಉಚಿತ ಸಿಂಥ್ (ಕಂಪ್ಯೂಟರಿನಲ್ಲೇ ನುಡಿಯುವ ವಾದ್ಯ) ಅದನ್ನು ಓದುತ್ತದೆ. ಬರೀ ಪಠ್ಯ: ಒಂದು ಸಾಲು ವಿವರಣೆ, ಮುಂದಿನ ಸಾಲಿನಲ್ಲಿ ಸ್ವರಗಳ ಸಂಖ್ಯೆ, ಆಮೇಲೆ ಸಾಲಿಗೊಂದು ಸ್ವರ. ಎಲ್ಲರೂ ಎಡವುವ ಜಾಗ ಮೂರು. ಮೊದಲ 0ಯನ್ನು ಬರೆಯಬಾರದು, ಅದು ಇದೆಯೆಂದೇ ಲೆಕ್ಕ. ಕೊನೆಗೆ 2/1 ಬರೆಯಬೇಕು. 350 ಎಂದು ಬರೆದರೆ ಅದನ್ನು ಅನುಪಾತವೆಂದು ತಿಳಿದು ಕಿವಿ ಕೇಳದಷ್ಟು ಮೇಲಕ್ಕೆ ಹೋಗುತ್ತದೆ, 350.0 ಎಂದು ಚುಕ್ಕೆ ಇಡಲೇಬೇಕು. ಐದೇ ಸ್ವರ ಕೊಟ್ಟರೆ ಅವು ಕಪ್ಪು ಬಿಳಿ ನೋಡದೆ ಸಾಲಾಗಿ ಕೀಗಳ ಮೇಲೆ ಕೂತು, ಆರನೇ ಕೀಗೇ ಮೇಲಿನ ಸ್ಥಾಯಿ ಬರುತ್ತದೆ. ನಾವು 12 ಸಾಲು ಬರೆದು, ಬೇಡದ ಕೀಗಳಿಗೆ ಪಕ್ಕದ ಸ್ವರವನ್ನೇ ಮತ್ತೆ ಕೊಟ್ಟೆವು. ಕೈಗೆ ಗೊತ್ತಿರುವ ಮನೆಗಳು ಹಾಗೇ ಉಳಿದವು.

ಲಯದಲ್ಲಿ ಜಾವಾದ ಒಂದೇ ಸಂಗತಿ ತಂದೆವು. ನಮ್ಮಲ್ಲಿ ತಾಳದ ಸುತ್ತಿನ ತೂಕ ಸಮದ ಮೇಲೆ, ಮೊದಲ ಪೆಟ್ಟಿನಲ್ಲಿ; ಅಲ್ಲಿ ದೊಡ್ಡ ಗಾಂಗ್ ಬೀಳುವುದು ಸುತ್ತಿನ ಕೊನೆಯ ಪೆಟ್ಟಿಗೆ. 16 ಪೆಟ್ಟಿನ ಸುತ್ತು, ಹದಿನಾರಕ್ಕೆ ಗಾಂಗ್. ಮೃದಂಗದವರು ಅದನ್ನೇ ಸಮ ಎಂದು ಹಿಡಿದು ಆದಿತಾಳ ಹೊಡೆದರು. ಕಿವಿಗೆ ಎರಡೂ ಒಂದೇ ತಾನೆ. ಗಾಂಗಿಗೆ ಮುಂಚಿನ ಎರಡು ಪೆಟ್ಟು ಎಳೆದು ನಿಧಾನ ಮಾಡಿದಾಗ ಮಾತ್ರ ಅದು ಮುಕ್ತಾಯ ಅನ್ನಿಸಿತು. ಜಾಗಟೆ ಬಳಸಿದರೆ ದೇವಸ್ಥಾನ ಬಂದುಬಿಡುತ್ತದೆ. ಗುಜರಿಯಿಂದ ಲಾರಿಯ ಬ್ರೇಕ್ ಡ್ರಮ್ ತಂದು ಹಗ್ಗದಲ್ಲಿ ತೂಗುಹಾಕಿದೆವು. ಇದೇ ಕಾರಣಕ್ಕೆ ಮಂಟೇಸ್ವಾಮಿಯ ಪದ ಹಾಡುವ ನೀಲಗಾರರ ತಂಬೂರಿ, ಗಗ್ಗರ, ದೇವರ ಗುಡ್ಡರ ಕಂಸಾಳೆ ಯಾವುದನ್ನೂ ಮುಟ್ಟಲಿಲ್ಲ. ಅವು ದೀಕ್ಷೆ ಪಡೆದವರ ಕೈಯವು, ಕಲ್ಪನೆಯ ಜನಕ್ಕೆ ಎರವಲು ಕೊಡುವಂಥವಲ್ಲ. ಸ್ಲೆಂಡ್ರೋ, ರಾಸ್ತ್, ಸಿಕಾಹ್ ಎಲ್ಲಿಂದ ಬಂದವು ಎಂಬುದನ್ನು ನಾಟಕದ ಕರಪತ್ರದಲ್ಲಿ ಅಚ್ಚುಹಾಕಿಸಿದೆವು.

ಕೊನೆಗೆ ಉಳಿದದ್ದು, ಹಳೆಯದು ಅನ್ನಿಸುವಂತೆ ಮಾಡುವುದು. ನಿಜವಾದ ಪರಂಪರೆಯಲ್ಲಿ ಎಲ್ಲರೂ ಒಂದೇ ಶ್ರುತಿಯಲ್ಲಿ ಇರುವುದಿಲ್ಲ. ಆದ್ದರಿಂದ ಕಡವಿನವರಿಗೆ ಎರಡು ಊರು ಕೊಟ್ಟೆವು, ಮೇಲ್ದಂಡೆ ಮತ್ತು ಕೆಳದಂಡೆ. ಮೊದಲಿನ ಎಣಿಕೆಯಲ್ಲಿ ಮೇಲ್ದಂಡೆಯವರ ನಡುವಣ ಸ್ವರಗಳು 340 ಮತ್ತು 1040, ಕೆಳದಂಡೆಯವರವು 362 ಮತ್ತು 1062; ಉಳಿದವು ಒಂದೇ. ಕೊಳವೆಯಲ್ಲಿ 362.6 ಮತ್ತು 360.3 ಮಿ.ಮೀ., 296.2 ಮತ್ತು 294.3. ಎರಡು ಮಿ.ಮೀ. ಆಚೀಚೆ ಅಷ್ಟೆ. ಸಂಖ್ಯೆ ನೋಡಿದರೆ ಮೇಲ್ದಂಡೆಯ ಹಾಡು ಭೂಪಾಳದ ಕಡೆ ಒಂದು ಎಳೆ ವಾಲಬೇಕು, ಕೆಳದಂಡೆಯದು ಮೋಹನದ ಕಡೆ ಅನ್ನಿಸುತ್ತದೆ. ಆದರೆ ಇಲ್ಲಿ 0 ಮತ್ತು 500 ಇಬ್ಬರಿಗೂ ಒಂದೇ, ಸರಿಯುವುದು ದಡವೇ: ದಡ 340 ಆದಾಗ ಅದರ ಮೇಲಿನ ಹುಟ್ಟು 160, 362 ಆದಾಗ 138. ಅಂದರೆ ಲೆಕ್ಕಕ್ಕೆ ತಲೆಕೆಳಗು! ಮೇಲ್ದಂಡೆಯದೇ ಮೋಹನದತ್ತ ವಾಲುವುದು. ಪಾತ್ರಗಳಿಗೆ ಮಟ್ಟು ಹಂಚುವ ಮುಂಚೆ ಈ ಕಳೆಯುವ ಲೆಕ್ಕವನ್ನು ಹಲಗೆಯ ಮೇಲೆ ಬರೆದಿಡುವುದು ವಾಸಿ, ಕಿವಿಯ ಅಂದಾಜು ಇಲ್ಲಿ ಮೋಸ ಮಾಡುತ್ತದೆ.

ಎರಡೂ ಊರಿನ ಕೊಳವೆಗಳು ಒಟ್ಟಿಗೆ ನುಡಿಯುವುದು ಮದುವೆಯ ದೃಶ್ಯದಲ್ಲಿ ಮಾತ್ರ. ಆಗ ದಡದ ಎರಡು ಕೊಳವೆಗಳ ನಡುವೆ 22 ಸೆಂಟ್, ಸೆಕೆಂಡಿಗೆ ಹನ್ನೊಂದರಷ್ಟು ಮಿನುಗು. ಬೀಗರು ಒಬ್ಬರಿಗೊಬ್ಬರು ಒಗ್ಗಿಲ್ಲ ಎನ್ನುವುದು ಮಾತಿಲ್ಲದೆ ತಿಳಿಯುತ್ತದೆ. ಕಣ್ಣಿಗೆ ಎರಡೂ ಒಂದೇ ಥರ ಕಾಣುವುದರಿಂದ ಮೇಲ್ದಂಡೆಯ ಕೊಳವೆಗಳ ಒಳಬಾಯಿಗೆ ನೀಲಿ ಬಣ್ಣ ಬಳಿದು ಬೇರೆ ಪೆಟ್ಟಿಗೆಯಲ್ಲಿ ಇಡುತ್ತೇವೆ. ಹೊರಮೈಗೆ ಬಳಿದರೆ ತೂಕ ಏರಿ ಶ್ರುತಿ ಇಳಿಯುತ್ತದೆ.